ಬ್ಯಾಟರಿ ಬದಲಿಸಿದ ಮೇಲೆ ಕಾರಿನ ಸ್ಟೀರಿಯೊ ಬಂದ್ ಆಯ್ತಾ? ಹೊಸದು ಕೊಳ್ಳುವ ಮುನ್ನ ಇಷ್ಟು ನೋಡಿ

ಚೆನ್ನೈ: ಹೊಸ ಬ್ಯಾಟರಿ ಹಾಕಿಸಿದ್ದಾಯ್ತು, ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಆದರೆ ಸ್ಟೀರಿಯೊ ಮಾತ್ರ ಉಸಿರೆತ್ತುತ್ತಿಲ್ಲ. ತ್ರಿಪ್ಲಿಕೇನ್ ಕಡೆಯ ಕಾರು ಮಾಲೀಕರಿಗೆ ಜನರಲ್ ಪ್ಯಾಟರ್ಸ್ ರಸ್ತೆ ಹತ್ತಿರವೇ ಇದೆ. ವಾಹನ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೇಗೋ ಚೆನ್ನೈಗೆ ಇದು ಹಾಗೆ. ಆದರೆ ಅಲ್ಲಿಗೆ ಹೋಗಿ ಸಾವಿರಾರು ರೂಪಾಯಿ ಕೊಡುವ ಮೊದಲು ಸ್ವಲ್ಪ ತಾಳಿ. ಸೆಟ್ ಕೆಡದೆಯೂ ಹೀಗಾಗುತ್ತದೆ.

ಕೋಡ್ ಕೇಳುತ್ತಿದೆಯಾ?

ಪರದೆಯಲ್ಲಿ 'ಕೋಡ್' ಅಥವಾ 'ಸೇಫ್' ಎಂದು ಕಾಣಿಸಿದರೆ ಸೆಟ್ ಕೆಟ್ಟಿಲ್ಲ, ಲಾಕ್ ಆಗಿದೆ ಅಷ್ಟೇ. ಕದ್ದವರ ಕೈಯಲ್ಲಿ ಕೆಲಸ ಮಾಡಬಾರದೆಂದು ಹೋಂಡಾ, ರೆನೋ, ಫೋಕ್ಸ್‌ವ್ಯಾಗನ್ ಮೊದಲಾದ ಕಂಪನಿಗಳ ಹಲವು ಕಾರುಗಳಲ್ಲಿ ಈ ವ್ಯವಸ್ಥೆ ಇದೆ. ಬ್ಯಾಟರಿ ಸಂಪರ್ಕ ತಪ್ಪಿದರೆ ಅದು ಕಳ್ಳತನವೆಂದೇ ಭಾವಿಸುತ್ತದೆ. ಕೋಡ್ ಕಾರಿನ ಕೈಪಿಡಿ ಜೊತೆಗಿನ ಕಾರ್ಡ್‌ನಲ್ಲಿ ಇರಬಹುದು. ಸಿಗದಿದ್ದರೆ ಆರ್‌ಸಿ ತೆಗೆದುಕೊಂಡು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ. ಊಹೆಯ ಮೇಲೆ ಒತ್ತುತ್ತಾ ಕೂರಬೇಡಿ, ತಪ್ಪು ಹೆಚ್ಚಾದಂತೆ ಲಾಕ್ ಬಿಗಿಯಾಗುತ್ತದೆ. ಹಳೆ ಕಾರು ಕೊಳ್ಳುವವರು ಈ ಕಾರ್ಡ್ ಕೇಳಿ ಪಡೆಯುವುದನ್ನು ಮರೆಯಬಾರದು.

ಪರದೆ ಪೂರ್ತಿ ಕಪ್ಪಾಗಿದ್ದರೆ

ಮೊದಲ ಅನುಮಾನ ಫ್ಯೂಸ್ ಮೇಲೆ. ಬ್ಯಾಟರಿಯ ಪ್ಲಸ್, ಮೈನಸ್ ಒಂದು ಕ್ಷಣ ಅದಲುಬದಲಾದರೂ ಫ್ಯೂಸ್ ಹೋಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಬಾಕ್ಸ್‌ನಲ್ಲಿ ಒಂದು ಇದ್ದರೆ, ಹೊರಗಿನಿಂದ ಹಾಕಿಸಿದ ಅನೇಕ ಸೆಟ್‌ಗಳ ಹಿಂಭಾಗದಲ್ಲಿ ಇನ್ನೊಂದು ಇರುತ್ತದೆ. ಇದನ್ನು ನೋಡದೆ ಬಿಡುವವರೇ ಹೆಚ್ಚು. 10 ಆಂಪಿಯರ್‌ನದು ಸುಟ್ಟಿದ್ದರೆ 10ರದ್ದನ್ನೇ ಹಾಕಿ. 20ರದ್ದು ಹಾಕುವುದು, ತಂತಿ ಸುತ್ತಿ ಕೂರಿಸುವುದು ಬೆಂಕಿಗೆ ದಾರಿ. ಹೊಸ ಫ್ಯೂಸ್ ಸಹ ತಕ್ಷಣ ಹೋದರೆ ಎಲ್ಲೋ ಶಾರ್ಟ್ ಆಗಿದೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸಾಮಾನ್ಯವಾಗಿ ಸೆಟ್‌ಗೆ ಹಳದಿ, ಕೆಂಪು ಎರಡು ತಂತಿಗಳಲ್ಲಿ ವಿದ್ಯುತ್ ಬರುತ್ತದೆ. ಹಳದಿ ಸದಾ ಜೀವಂತ, ಕೆಂಪು ಕೀ ತಿರುಗಿಸಿದಾಗ ಮಾತ್ರ. ಆಫ್ ಮಾಡಿದಾಗಲೆಲ್ಲ ಗಡಿಯಾರ, ಸ್ಟೇಷನ್ ಅಳಿಸಿಹೋಗುತ್ತಿದ್ದರೆ ಹಳದಿ ತಂತಿ ನೋಡಿ.

ಎಲ್ಲ ಸರಿಯಿದ್ದೂ ಸೆಟ್ ಆಗಾಗ ಆಫ್ ಆಗುತ್ತಿದ್ದರೆ ಬ್ಯಾಟರಿ ಟರ್ಮಿನಲ್ ಅಲ್ಲಾಡಿಸಿ ನೋಡಿ. ಕೈಯಲ್ಲಿ ಅಲುಗಬಾರದು. ಮರೀನಾ ಪಕ್ಕದ ತ್ರಿಪ್ಲಿಕೇನ್‌ನಲ್ಲಿ, ನಮ್ಮ ಮಂಗಳೂರು, ಉಡುಪಿಯಲ್ಲಿ ಇದ್ದಂತೆಯೇ, ಉಪ್ಪುಗಾಳಿಗೆ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಬಾಡಿಗೆ ಜೋಡಿಸಿದ ಅರ್ಥ್ ತಂತಿಯ ಬುಡವನ್ನೂ ಉಜ್ಜಿ ಬಿಗಿ ಮಾಡಿಸಿ.

ಮುಂದಿನ ಸಲ ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು ತೆಗೆಯಿರಿ, ಜೋಡಿಸುವಾಗ ಕೊನೆಗೆ ಹಾಕಿ. ಕೋಡ್ ಅನ್ನು ಮೊದಲೇ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.