ಶಾಲಾ ಸಿಬ್ಬಂದಿಯಲ್ಲಿ ನಿರಂತರ ಕಾರ್ಯಸುಧಾರಣೆ: ಮೈಸೂರು ಸೀಮೆಯ ಇತಿಹಾಸ

ಶಾಲೆ ನಡೆಸುವವರು ತಮ್ಮ ದಿನನಿತ್ಯದ ಕೆಲಸವನ್ನು ತಾವೇ ಗಮನಿಸಿ, ಎಲ್ಲಿ ತೊಡಕಿದೆಯೋ ಅಲ್ಲಿ ಸಣ್ಣ ಬದಲಾವಣೆ ಮಾಡಿ, ಫಲ ನೋಡಿ, ಮತ್ತೆ ತಿದ್ದಿಕೊಳ್ಳುವ ರೂಢಿಗೆ ನಿರಂತರ ಕಾರ್ಯಸುಧಾರಣೆ ಎನ್ನಬಹುದು. ಇದು ಶಿಕ್ಷಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮೈಸೂರಿನ ಶ್ರೀರಾಂಪುರದಂಥ ಬಡಾವಣೆಯ ಸರ್ಕಾರಿ ಶಾಲೆಯನ್ನೇ ತೆಗೆದುಕೊಂಡರೆ, ಅದರ ಹಿಂದೆ ಮುಖ್ಯ ಶಿಕ್ಷಕರು, ಅಡುಗೆಯವರು, ಸಮೂಹ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.), ಕ್ಷೇತ್ರ ಸಂಪನ್ಮೂಲ ಕೇಂದ್ರ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.), ಜಿಲ್ಲಾ ಉಪನಿರ್ದೇಶಕರು, ಅವರ ಕಚೇರಿಗಳ ಗುಮಾಸ್ತರು, ಹೀಗೆ ಉದ್ದನೆಯ ಸರಪಳಿಯೇ ಇದೆ. ಈ ಸರಪಳಿಯಲ್ಲಿ ತಿದ್ದುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದೇ ಈ ವಿಷಯದ ಇತಿಹಾಸ.

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಆರಂಭವಾದದ್ದು 1857ರಲ್ಲಿ. ಬಿ.ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಹುಟ್ಟಿಕೊಂಡವು. ಶಾಲೆ ಹೆಚ್ಚಿದಂತೆ ಅವನ್ನು ನೋಡಿಕೊಳ್ಳಲು ಇನ್‌ಸ್ಪೆಕ್ಟರರು ಬಂದರು. ಅವರು ಬರುವ ದಿನ ಗೋಡೆಗೆ ಸುಣ್ಣ, ಮಕ್ಕಳಿಗೆ ಮಡಿ ಬಟ್ಟೆ, ಮೇಷ್ಟರಿಗೆ ಎದೆಬಡಿತ. ಹಾಜರಿ ಪುಸ್ತಕ, ಲೆಕ್ಕ, ಬಾಯಿಪಾಠ ಎಲ್ಲವನ್ನೂ ನೋಡಿ ಷರಾ ಬರೆದು ಹೋಗುವ ಈ ಪದ್ಧತಿ ಶಿಸ್ತು ತಂದಿತು, ನಿಜ. ಆದರೆ ಕಂಡ ಕೊರತೆಗೆ ಮೇಷ್ಟರೇ ಉತ್ತರ ಹುಡುಕಲು ಅದರಲ್ಲಿ ಜಾಗವಿರಲಿಲ್ಲ. ಷರಾಕ್ಕೆ ವಿವರಣೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಬೇರೆ ದಾರಿಯ ಮೊದಲ ಸುಳಿವು 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಸಿಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪ್ರೇರಕರಾಗಿದ್ದ ಈ ಸಮ್ಮೇಳನದಲ್ಲಿ ಕೃಷಿ ಮತ್ತು ಕೈಗಾರಿಕೆಗಳ ಜೊತೆಗೆ ಶಿಕ್ಷಣಕ್ಕೂ ಪ್ರತ್ಯೇಕ ಸಮಿತಿಯಿತ್ತು. ಅಂಕಿಅಂಶ ಕೂಡಿಸುವುದು, ಗುರಿ ಇಟ್ಟುಕೊಳ್ಳುವುದು, ಎಷ್ಟಾಯಿತೆಂದು ಮತ್ತೆ ಕೂತು ನೋಡುವುದು ಅವರ ಆಡಳಿತದ ಜೀವಾಳ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂತು. ಮುಂದೆ 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳ ಆಡಳಿತ ಸ್ಥಳೀಯ ಸಂಸ್ಥೆಗಳಿಗೆ ಹೋಗಿ, 1941ರ ಕಾಯ್ದೆಯಿಂದ ಸರ್ಕಾರಕ್ಕೇ ಮರಳಿತು.

ಇದೇ ಹೊತ್ತಿಗೆ ಹೊರಜಗತ್ತಿನಲ್ಲಿ ನಿರಂತರ ಸುಧಾರಣೆಯ ವಿಚಾರ ಕಾರ್ಖಾನೆಗಳಲ್ಲಿ ಬೆಳೆಯುತ್ತಿತ್ತು. ಅಮೆರಿಕದ ವಾಲ್ಟರ್ ಶೂಹಾರ್ಟ್ ತೋರಿಸಿದ ಚಕ್ರವನ್ನು ಎಡ್ವರ್ಡ್ಸ್ ಡೆಮಿಂಗ್ ಬೆಳೆಸಿ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಕಲಿಸಿದರು; ಅದೇ ಮುಂದೆ ಯೋಜಿಸು, ಮಾಡು, ನೋಡು, ತಿದ್ದು ಎಂಬ ರೂಪ ಪಡೆಯಿತು. ಜಪಾನಿನಲ್ಲಿ 1962ರಿಂದ, ಕೆಲಸದ ತೊಡಕನ್ನು ಕೆಲಸಗಾರರೇ ಕೂತು ಬಿಡಿಸುವ ಗುಣಮಟ್ಟ ವೃತ್ತಗಳು ಹಬ್ಬಿದವು. ಮಸಾಕಿ ಇಮಾಯಿ 1986ರಲ್ಲಿ ಬರೆದ ಪುಸ್ತಕದಿಂದ ಕೈಜೆನ್ (ನಿರಂತರ ಸುಧಾರಣೆ) ಎಂಬ ಹೆಸರು ಲೋಕಕ್ಕೆಲ್ಲ ಪರಿಚಯವಾಯಿತು. ಭಾರತಕ್ಕೆ ಗುಣಮಟ್ಟ ವೃತ್ತ ಬಂದದ್ದು 1980ರಲ್ಲಿ, ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಯ ಮೂಲಕ. ಶಾಲಾಡಳಿತಕ್ಕೆ ಇದು ದಾಟಿದ್ದು ಆಮೇಲೆ: ಅಮೆರಿಕದಲ್ಲಿ ಉದ್ಯಮಗಳ ಗುಣಮಟ್ಟಕ್ಕೆಂದು ಹುಟ್ಟಿದ ಬಾಲ್ಡ್ರಿಜ್ ಪ್ರಶಸ್ತಿ 1999ರಲ್ಲಿ ಶಿಕ್ಷಣಕ್ಕೂ ತೆರೆದುಕೊಂಡು, 2001ರಲ್ಲಿ ಅಲಾಸ್ಕದ ಚುಗಾಚ್ ಮತ್ತು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಶಾಲಾ ಜಿಲ್ಲೆಗಳಿಗೆ ಸಂದಿತು.

ಕರ್ನಾಟಕದಲ್ಲಿ ಆದದ್ದಕ್ಕೂ ಕಾರ್ಖಾನೆಗೂ ಸಂಬಂಧವಿಲ್ಲ. ಶ್ರೀರಾಂಪುರದ ಪಕ್ಕದಲ್ಲಿ ಹಾದು ಹೋಗುವ ಮಾನಂದವಾಡಿ ರಸ್ತೆಯೇ ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ದಾರಿ. ಕಾಡಂಚಿನ ಆ ತಾಲ್ಲೂಕಿನಲ್ಲಿ ಆದಿವಾಸಿ ಹಾಡಿಗಳು ಹೆಚ್ಚು. ಒಬ್ಬರೇ ಶಿಕ್ಷಕರು, ಒಂದೇ ಕೋಣೆ, ಹಲವು ತರಗತಿ; ಮಕ್ಕಳು ಒಂದು ವಾರ ಬಂದರೆ ಇನ್ನೊಂದು ವಾರ ಇಲ್ಲ. ತಪ್ಪಿಸಿಕೊಂಡ ಮಗು ಮರಳಿದಾಗ ಪಾಠ ಮುಂದಕ್ಕೆ ಓಡಿರುತ್ತಿತ್ತು. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುವರ್ಗ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ನೋಡಿ ಬಂದರು. ಬಂದವರು ಅಲ್ಲಿನದನ್ನು ಹಾಗೇ ನಕಲು ಮಾಡಲಿಲ್ಲ. ಕನ್ನಡಕ್ಕೆ, ತಮ್ಮ ಊರಿನ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಕೂತು ಬರೆದರು, ತರಗತಿಯಲ್ಲಿ ಬಳಸಿದರು, ಮತ್ತೆ ಸೇರಿ ಚರ್ಚಿಸಿ ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹೀಗೆ.

ಇದರ ಒಳರಚನೆಯನ್ನು ಹತ್ತಿರದಿಂದ ನೋಡಬೇಕು. ನಲಿ-ಕಲಿಯಲ್ಲಿ ಮೊದಲು ಕಲಿಸುವುದು ವರ್ಣಮಾಲೆಯ ಕ್ರಮವನ್ನಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಇಷ್ಟರಿಂದಲೇ ಮಗು ಅರಸ, ಅಗಸ, ಸರ, ಗರಗಸ, ದಸರ ಎಂದು ಓದಿಬಿಡಬಹುದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಪಾಠವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಲಿಕಾ ಏಣಿಯಲ್ಲಿ ಜೋಡಣೆಯಾಗಿರುತ್ತದೆ. ಮಕ್ಕಳು ಕೂರುವುದು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ: ಶಿಕ್ಷಕರ ಪೂರ್ಣ ನೆರವು ಬೇಕಾದವರಿಂದ ಹಿಡಿದು ತಾವಾಗಿಯೇ ಕಲಿಯುವವರವರೆಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರ, ಕಾಗದದ ಕೆಲಸ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಹತ್ತು ದಿನ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸುಧಾರಣೆಯ ಗುಟ್ಟೂ ಇಲ್ಲೇ ಇದೆ: ಒಂದೇ ಮೆಟ್ಟಿಲಲ್ಲಿ ಹಲವು ಮಕ್ಕಳು ನಿಂತುಬಿಟ್ಟರೆ ತಪ್ಪು ಮಕ್ಕಳದ್ದಲ್ಲ, ಕಾರ್ಡಿನದು ಎಂದು ಶಿಕ್ಷಕರಿಗೆ ಕಣ್ಣಿಗೆ ಕಟ್ಟುತ್ತದೆ. ಕಾರ್ಡು ಬರೆದವರೂ ತಾವೇ ಆದ್ದರಿಂದ ತಿದ್ದಲು ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ.

1994ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) ಎರಡನೆಯ ಹಂತದಲ್ಲಿ ಮೈಸೂರು ಜಿಲ್ಲೆಗೂ ಬಂತು. ಅದರಿಂದ ಉಳಿದ ದೊಡ್ಡ ಆಸ್ತಿ ಕ್ಷೇತ್ರ ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳು. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆ ಈ ವ್ಯವಸ್ಥೆಯ ಹೃದಯ. ತಪಾಸಣೆಗೆ ಬರುವವರ ಬದಲು ಜೊತೆಗೆ ಕೂತು ಪಾಠ ನೋಡುವ ಸಿ.ಆರ್.ಪಿ. ಇರಬೇಕೆಂಬುದು ಆಶಯ. ನಜರ್‌ಬಾದಿನ ವಸಂತಮಹಲ್‌ನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇವರಿಗೆಲ್ಲ ತರಬೇತಿಯ ನೆಲೆ.

ಮುಂದಿನ ದಶಕದಲ್ಲಿ ಒಂದರ ಹಿಂದೊಂದು ಏರ್ಪಾಡುಗಳು ಬಂದವು. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್.ಡಿ.ಎಂ.ಸಿ.) ರಚನೆಯಾಗಿ ತಂದೆತಾಯಿಯರಿಗೆ ಶಾಲೆಯಲ್ಲಿ ಮಾತು ಸಿಕ್ಕಿತು. 2002ರಲ್ಲಿ ಶುರುವಾದ ಅಕ್ಷರ ದಾಸೋಹ, ಅಂದರೆ ಮಧ್ಯಾಹ್ನದ ಬಿಸಿಯೂಟ, ಮುಖ್ಯ ಶಿಕ್ಷಕರ ದಿನಚರಿಯನ್ನೇ ಬದಲಿಸಿತು. ಅದೇ ವರ್ಷ ಈಶಾನ್ಯ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಲ್ಲಿ ಕಲಿಕಾ ಖಾತರಿ ಯೋಜನೆ ಆರಂಭವಾಯಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳುತ್ತಿದ್ದವು. 2005-06ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಕೆಲಸ ಆರಂಭಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾಭಿವೃದ್ಧಿ ಯೋಜನೆಯನ್ನು ಕಾನೂನಿನ ಕರ್ತವ್ಯ ಮಾಡಿತು. ಕಚೇರಿ ಸಿಬ್ಬಂದಿಗೆ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ಎಂಬ ಸೇವಾ ಕಾನೂನು ಕಾಲಮಿತಿ ಹಾಕಿತು; ಬಳಿಕ ಮಕ್ಕಳ ದಾಖಲೆಗಳು ಎಸ್.ಎ.ಟಿ.ಎಸ್. ಎಂಬ ತಂತ್ರಾಂಶಕ್ಕೆ ಏರಿದವು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿತು, ಬಳಿಕ ಮೂರಕ್ಕೂ. ಒಂದು ತಾಲ್ಲೂಕಿನ ಶಿಕ್ಷಕರ ಕೆಲಸ ಇಡೀ ನಾಡಿನ ಪದ್ಧತಿಯಾದದ್ದು ಹೆಮ್ಮೆಯ ವಿಷಯವೇ. ಆದರೆ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರು ಬರೆದುಕೊಂಡ ಕಾರ್ಡು ಈಗ ಮುದ್ರಣವಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಹರಿದರೆ ಹೊಸದು ಬರುವವರೆಗೆ ಕಾಯಬೇಕು. ತಪ್ಪು ಕಂಡರೆ ತಿದ್ದುವ ಜಾಗ ಬೇರೆಲ್ಲೋ ಇದೆ. ಪಠ್ಯಪುಸ್ತಕ, ಹೋಂವರ್ಕ್ ಕಾಣದೆ ತಂದೆತಾಯಿಯರು ಆಕ್ಷೇಪಿಸಿದರು. ಮಕ್ಕಳು ಹೆಚ್ಚಿರುವ ಕೋಣೆಯಲ್ಲಿ ತಟ್ಟೆಗಳನ್ನು ನಿಭಾಯಿಸುವುದು ಕಷ್ಟವೆಂದು ಶಿಕ್ಷಕರು ಹೇಳುತ್ತ ಬಂದರು. ಸಮಾಲೋಚನಾ ಸಭೆಗಳೂ ಸುತ್ತೋಲೆ ಓದುವ, ಮಾಹಿತಿ ಒಪ್ಪಿಸುವ ಸಭೆಗಳಾಗುವ ಅಪಾಯ ಸದಾ ಇದೆ. ಪದ್ಧತಿ ಹರಡಿತು, ಅದನ್ನು ಹುಟ್ಟಿಸಿದ ತಿದ್ದುವ ರೂಢಿ ಅಷ್ಟು ಹರಡಲಿಲ್ಲ ಎಂಬುದು ಈ ಇತಿಹಾಸದ ನೋವಿನ ಭಾಗ.

ಆ ರೂಢಿ ಸತ್ತಿಲ್ಲವೆಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ಆರಂಭವಾದಾಗ ಶಿಕ್ಷಕರು ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಕಲಿಸಿದರು; ಮೊಬೈಲ್ ಇರುವವರಿಗೊಂದು ದಾರಿ, ಇಲ್ಲದವರಿಗೊಂದು ದಾರಿ ಹುಡುಕಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ತಿದ್ದಿದ ರೂಪದಲ್ಲಿ ಶಾಲೆಯ ಆವರಣದಲ್ಲೇ ಮುಂದುವರಿಸಲಾಯಿತು. ತಪ್ಪಿದ ಕಲಿಕೆಯನ್ನು ತುಂಬಲು 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು.

2020ರ ಕೊನೆಗೆ ಶ್ರೀರಾಂಪುರ ಪಟ್ಟಣ ಪಂಚಾಯಿತಿಯಾಗಲು ಸರ್ಕಾರದ ಒಪ್ಪಿಗೆ ಸಿಕ್ಕಿತು. ಊರು ನಗರವಾಗುತ್ತಿದ್ದಂತೆ ಕೆಲಸ ಅರಸಿ ಬಂದ ಕುಟುಂಬಗಳ ಮಕ್ಕಳು ಇಂಥ ಶಾಲೆಗಳಿಗೆ ಸೇರುತ್ತಾರೆ, ವರ್ಷದ ನಡುವೆ ಬಂದು ನಡುವೆಯೇ ಹೋಗುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಎದುರಿಸಿದ್ದೂ ಬಂದುಹೋಗುವ ಮಕ್ಕಳ ಸಮಸ್ಯೆಯನ್ನೇ. ಆಗ ಅವರಿಗೆ ಕೊಟ್ಟಿದ್ದ ಬಿಡುವು, ಪ್ರವಾಸ, ತಿದ್ದುವ ಅಧಿಕಾರ ಈ ಮೂರನ್ನೂ ಇಲಾಖೆ ಇಂದಿನ ಸಮೂಹ ಕೇಂದ್ರಗಳಿಗೆ ಮರಳಿ ಕೊಡಬೇಕು.