ಅಮ್ಮನ ಎದೆಯೇ ತೊಟ್ಟಿಲಾದಾಗ

'ಸದಾ ಎತ್ತಿಕೊಂಡೇ ಇದ್ದರೆ ಮಗುವಿಗೆ ಅದೇ ರೂಢಿಯಾಗುತ್ತದೆ' ಎಂಬ ಎಚ್ಚರಿಕೆಯ ಮಾತನ್ನು ಕೇಳದ ತಾಯಂದಿರು ಕಡಿಮೆ. ಒಂದು ಕಾಲದಲ್ಲಿ ವಿಜ್ಞಾನದ ಹೆಸರಿನಲ್ಲೂ ಇದೇ ಉಪದೇಶ ನಡೆದಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಬಿ. ವಾಟ್ಸನ್ 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ಬೆಳಿಗ್ಗೆ ಕೈ ಕುಲುಕಿದರೆ ಸಾಕು ಎಂದು ಬರೆದಿದ್ದರು.

ಆದರೆ ಶಿಶುವಿನ ಮೈ ಹೇಳುವುದೇ ಬೇರೆ. ಇಂದ್ರಿಯಗಳಲ್ಲಿ ಮೊದಲು ಎಚ್ಚರಗೊಳ್ಳುವುದು ಸ್ಪರ್ಶ. ಗರ್ಭದ ಎರಡನೆಯ ತಿಂಗಳ ಹೊತ್ತಿಗೇ ತುಟಿಯ ಸುತ್ತ ಅದರ ಸುಳಿವು ಕಾಣಿಸುತ್ತದೆ. ಹುಟ್ಟಿದ ಕೂಸಿನ ಕಣ್ಣಿಗೆ ದೂರದ್ದು ಮಸುಕು. ಆದರೆ ಕೆನ್ನೆ ತಾಗಿದರೆ ಬಾಯಿ ತಿರುಗಿಸುತ್ತದೆ, ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಕೆಲವು ತಿಂಗಳಾದರೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗಟ್ಟಿ ಯಾವುದು, ಮೆತ್ತಗಿನದು ಯಾವುದು ಎಂಬ ಮೊದಲ ಪಾಠ ಅದೇ.

ವಾಟ್ಸನ್ ಅವರ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ಅವರು ಎರಡು ಬೊಂಬೆತಾಯಿಯರನ್ನು ಇಟ್ಟರು. ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆಯದು. ಹಾಲು ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ದಿನದ ಬಹುಪಾಲು ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡಿರುತ್ತಿದ್ದವು. ಈ ಫಲಿತಾಂಶ 1958ರಲ್ಲಿ ಪ್ರಕಟವಾಯಿತು. ಮರಿಗಳನ್ನು ತಾಯಿಯಿಂದ ಅಗಲಿಸಿದ ಈ ಪ್ರಯೋಗದ ಕ್ರೌರ್ಯಕ್ಕೆ ಮುಂದೆ ತೀವ್ರ ಟೀಕೆಯೂ ಬಂತು.

ಮನುಷ್ಯರ ಕೂಸುಗಳ ವಿಷಯದಲ್ಲಿ ದಾರಿ ತೋರಿದ್ದು ಬಡತನ. ಕೊಲಂಬಿಯಾದ ರಾಜಧಾನಿ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದರಲ್ಲೇ ಎರಡು ಮೂರು ಕೂಸುಗಳನ್ನು ಮಲಗಿಸಬೇಕಿತ್ತು. ಸೋಂಕು ಹರಡುತ್ತಿತ್ತು. 1978ರಲ್ಲಿ ಡಾ. ಎಡ್ಗರ್ ರೇ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ತಾಯಿಯ ಬರಿಯೆದೆಗೆ ಮೈಗೆ ಮೈ ತಾಗುವಂತೆ ಕಟ್ಟಿಸಿದರು. ಕಾಂಗರೂ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವ ಹಾಗೆ. ಅದಕ್ಕೇ 'ಕಾಂಗರೂ ಆರೈಕೆ' ಎಂಬ ಹೆಸರು.

ಬಹುಕಾಲ ಇದು ಬಡ ದೇಶಗಳ ಬದಲಿ ವ್ಯವಸ್ಥೆ ಎನಿಸಿಕೊಂಡಿತ್ತು. ಮಗು ಚೇತರಿಸಿಕೊಂಡ ಮೇಲಷ್ಟೇ ಎದೆಗೆ ಕೊಡಬೇಕೆಂಬ ನಿಯಮವಿತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಈ ನಿಯಮವನ್ನು ತಲೆಕೆಳಗು ಮಾಡಿತು. 1ರಿಂದ 1.8 ಕಿಲೋ ತೂಕದೊಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗೆ ಕೊಟ್ಟಾಗ, ಮೊದಲ 28 ದಿನಗಳ ಸಾವು ನೂರಕ್ಕೆ ಸುಮಾರು 16ರಿಂದ 12ಕ್ಕೆ ಇಳಿಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಬೇಕೆಂದು ಶಿಫಾರಸು ಮಾಡಿತು.

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೇಕಾದ್ದು ಶಿಶುಗಳ ತೀವ್ರ ನಿಗಾ ಘಟಕದೊಳಗೆ ತಾಯಿಗೊಂದು ಹಾಸಿಗೆ. ಗಾಜಿನಾಚೆ ನಿಂತು ಮಗುವನ್ನು ನೋಡುವ ತಾಯಿಯನ್ನು ಒಳಗೆ ಕರೆಯುವುದೇ ಈಗ ಆಸ್ಪತ್ರೆಗಳ ಮುಂದಿರುವ ಕೆಲಸ.