ಒತ್ತಕ್ಷರದ ಪರೀಕ್ಷೆ

ಕಳೆದ ಡಿಸೆಂಬರಿನ ಒಂದು ಶನಿವಾರ, ಪುಣೆಯ ಹಳೇ ಪೇಠೆಯೊಂದರ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಯಲ್ಲಿ ನನ್ನ ಕೈಗೆ ಒಂದು ಬಿಳಿ ಲೆನ್ಸ್ ಬಂತು. ಕ್ಯಾನನ್ 70–200 ಮಿ.ಮೀ., ಎಫ್/2.8, 2010ರಲ್ಲಿ ಬಂದ ಎರಡನೇ ಐಎಸ್ ಆವೃತ್ತಿ. ತೂಕ ಸುಮಾರು ಒಂದೂವರೆ ಕಿಲೋ. ಫೆಬ್ರವರಿಯಲ್ಲಿ ಮಗಳ ರಂಗಪ್ರವೇಶವಿತ್ತು. ಸಭಾಂಗಣದ ಮಂದ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಐದನೇ ಸಾಲಿನಲ್ಲಿ ಕೂತು ಮುಖದ ಅಭಿನಯ ಹಿಡಿಯಬೇಕಾದರೆ ಇಂಥದ್ದೇ ಬೇಕು. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಹಿಂದೊಮ್ಮೆ ಬರೀ ಫೋಟೋ ನೋಡಿ ಹಳೇ ಲೆನ್ಸೊಂದನ್ನು ತರಿಸಿಕೊಂಡು, ಒಳಗೆಲ್ಲ ಬೂಷ್ಟು ಹಿಡಿದದ್ದು ಬಂದು, ದುಡ್ಡು ಕಳೆದುಕೊಂಡಿದ್ದೆ. ರಂಗಪ್ರವೇಶಕ್ಕೆ ರೀಟೇಕ್ ಇಲ್ಲ.

ಅಂಗಡಿಯವರು ಅರ್ಧ ಗಂಟೆ ಕೊಟ್ಟರು. ನಾನು ಚೀಲದಿಂದ ಕನ್ನಡ ಪತ್ರಿಕೆಯ ಹಾಳೆಯೊಂದನ್ನು ತೆಗೆದು ಗೋಡೆಗೆ ಅಂಟಿಸಿದೆ. ಧಾರವಾಡದಿಂದ ಅವ್ವ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿಗೆ ಸುತ್ತಿದ್ದ ಹಾಳೆ. ಅವರು ನಕ್ಕರು. ಆದರೆ ದಪ್ಪ ತಲೆಬರಹ, ಸಣ್ಣ ಅಕ್ಷರ, ಅದರಡಿ ಇನ್ನೂ ಸಣ್ಣ ಒತ್ತು, ಎಲ್ಲ ಒಂದೇ ಪುಟದಲ್ಲಿ ಸಿಗುವುದರಿಂದ ಲೆನ್ಸ್ ಪರೀಕ್ಷೆಗೆ ನಮ್ಮ ಲಿಪಿ ಹೇಳಿ ಮಾಡಿಸಿದಂತಿದೆ.

ಅದಕ್ಕೂ ಮೊದಲು ಮೊಬೈಲಿನ ಟಾರ್ಚ್ ಹಚ್ಚಿ ಲೆನ್ಸಿನೊಳಗೆ ಇಣುಕಿದೆ. ಬೂಷ್ಟಿನ ಎಳೆಗಳಿರಲಿಲ್ಲ. ಹಸಿರು, ನೇರಳೆ ಬಣ್ಣದ ಮಂಕು ಪ್ರತಿಬಿಂಬಗಳು ಒಂದರ ಹಿಂದೊಂದು ಕಂಡವು. ಆ ಬಣ್ಣವೇ ಒಂದು ಇತಿಹಾಸ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೋ ಲೆನ್ಸು 1891ರಷ್ಟು ಹಳೆಯದು. ಲಂಡನ್ನಿನ ಡಾಲ್‌ಮೆಯರ್, ಜರ್ಮನಿಯ ಮೀಟೆ ಮತ್ತು ಸ್ಟೈನ್‌ಹೈಲ್ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಬೇರೆ ಬೇರೆಯಾಗಿ ಅದನ್ನು ರೂಪಿಸಿದರು. ಮುಂದೆ ಬೆಳಕನ್ನು ಕೂಡಿಸುವ ಗಾಜು, ಹಿಂದೆ ಅದನ್ನು ಹರಡುವ ಗಾಜು, ಇಷ್ಟೇ ಅದರ ಗುಟ್ಟು. ಜೂಮ್ ಹಾಗಲ್ಲ. ಒಳಗಿನ ಗಾಜುಗಳು ಒಂದಕ್ಕೊಂದು ತಾಳ ತಪ್ಪದೆ ಸರಿಯಬೇಕು, ಚಿತ್ರ ದೊಡ್ಡದಾಗುತ್ತ ಹೋದರೂ ಫೋಕಸ್ ಕದಲಬಾರದು. ಅದಕ್ಕೆ ಗಾಜುಗಳು ಬಹಳ ಬೇಕು. ನನ್ನ ಕೈಯಲ್ಲಿದ್ದ ಲೆನ್ಸಿನಲ್ಲಿ 19 ಗುಂಪುಗಳಾಗಿ 23 ಗಾಜುಗಳಿವೆ. ಅಂದರೆ ಬೆಳಕು ಗಾಳಿಗೂ ಗಾಜಿಗೂ ನಡುವೆ 38 ಮೇಲ್ಮೈಗಳನ್ನು ದಾಟಬೇಕು. ಲೇಪನವಿಲ್ಲದ ಗಾಜು ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಲೆಕ್ಕ ಹಾಕಿ ನೋಡಿ: ಕೊನೆಗೆ ದಾಟಿ ಬರುವುದು ಶೇಕಡಾ 21 ಮಾತ್ರ. ಹೋದ ಬೆಳಕೂ ಸುಮ್ಮನೆ ಹೋಗುವುದಿಲ್ಲ, ಒಂದಿಷ್ಟು ಒಳಗೇ ಅಲೆದು ಚಿತ್ರದ ಮೇಲೆ ಮಂಜು ಹರಡುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ಪ್ರತಿಫಲನ ತಗ್ಗಿಸುವ ತೆಳು ಪದರ ಹಚ್ಚುವ ವಿಧಾನ ಕಂಡುಹಿಡಿಯದಿದ್ದರೆ ಇಷ್ಟು ಗಾಜು ಜೋಡಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಸಿನಿಮಾ ಕ್ಯಾಮೆರಾಕ್ಕೆ 1932ರಲ್ಲೇ ಕುಕ್ ವಾರೋ ಎಂಬ 40–120 ಮಿ.ಮೀ. ಜೂಮ್ ಬಂದಿತ್ತು. 35 ಮಿ.ಮೀ. ಸ್ಟಿಲ್ ಕ್ಯಾಮೆರಾಕ್ಕೆ ಮೊದಲ ಜೂಮ್ ಬಂದದ್ದು 1959ರಲ್ಲಿ, ವಿಯೆನ್ನಾ ಮೂಲದ ಫ್ರಾಂಕ್ ಬ್ಯಾಕ್ ರೂಪಿಸಿದ ಫೋಕ್ಟ್‌ಲೆಂಡರ್ ಜೂಮರ್. ಆದರೂ ಬಹಳ ಕಾಲ ವೃತ್ತಿಪರರು ಜೂಮನ್ನು ನಂಬಲಿಲ್ಲ. ಒಂದೇ ಅಳತೆಯ ಲೆನ್ಸಿನಲ್ಲಿ ದೋಷಗಳನ್ನು ಒಂದು ಸ್ಥಿತಿಗೆ ತಿದ್ದಿದರಾಯಿತು. ಜೂಮಿನಲ್ಲಿ ಒಂದು ತುದಿಗೆ ತಿದ್ದಿದ್ದು ಇನ್ನೊಂದು ತುದಿಯಲ್ಲಿ ಕೆಡುತ್ತದೆ.

ಹಾಳೆಯ ಫೋಟೋ ತೆಗೆದೆ. 200 ಮಿ.ಮೀ., ಎಫ್/2.8. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಬಲ ಮೂಲೆಯ ಅಕ್ಷರಗಳು ಎಡದವಕ್ಕಿಂತ ಮೆತ್ತಗಿದ್ದವು. ನಾನೇ ಗೋಡೆಗೆ ಓರೆಯಾಗಿ ನಿಂತಿರಬಹುದೆಂದು ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಂದು ತೆಗೆದೆ. ಮಸುಕು ಚಿತ್ರದ ಅದೇ ಮಗ್ಗುಲಲ್ಲೇ ಇತ್ತು. ತಪ್ಪು ಗೋಡೆಯದ್ದಲ್ಲ, ಲೆನ್ಸಿನದ್ದೇ. ಎಂದೋ ಬಿದ್ದು ಒಂದು ಗಾಜು ಕೂದಲೆಳೆಯಷ್ಟು ಸರಿದಿರಬೇಕು. ಒಂದು ಕ್ಷಣ ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಆಗ ನೆನಪಾದವರು ಹೆರಾಲ್ಡ್ ಹಾಪ್ಕಿನ್ಸ್.

1918ರಲ್ಲಿ ಲಂಡನ್ನಿನ ಬರ್ಮಂಡ್ಸಿಯ ಬಡ ಕುಟುಂಬದಲ್ಲಿ ಹುಟ್ಟಿದ ಹಾಪ್ಕಿನ್ಸ್, 1940ರ ದಶಕದಲ್ಲಿ ಬಿಬಿಸಿ ಕೇಳಿತೆಂದು ಟೆಲಿವಿಷನ್ನಿಗಾಗಿ ಜೂಮ್ ಲೆನ್ಸ್ ರೂಪಿಸಿದರು. ಬೆಳಕಿನ ಒಂದೊಂದು ಕಿರಣದ ದಾರಿಯನ್ನೂ ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಗುಣಿಸಿ ತೆಗೆಯಬೇಕಾದ ಕಾಲ ಅದು. ಆದರೆ ನನಗೆ ಅವರ ಇನ್ನೊಂದು ಕೆಲಸ ಮುಖ್ಯ. ಅಲ್ಲಿಯವರೆಗೆ ಲೆನ್ಸಿನ ಯೋಗ್ಯತೆ ಅಳೆಯುತ್ತಿದ್ದುದು ಒಂದೇ ಪ್ರಶ್ನೆಯಿಂದ: ಎಷ್ಟು ಸಣ್ಣ ಗೆರೆಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ? ಉತ್ತರ ಒಂದು ಸಂಖ್ಯೆ. ಫ್ರಾನ್ಸಿನ ಡುಫಿಯೂ, ಅಮೆರಿಕದ ಓಟೋ ಶಾಡೆ ಮತ್ತು ಹಾಪ್ಕಿನ್ಸ್ ಇದನ್ನು ಬದಲಿಸಿದರು. ಅತಿ ಸಣ್ಣ ಗೆರೆ ಕಾಣುತ್ತದೆಯೇ ಎಂದು ಮಾತ್ರ ಕೇಳಬೇಡಿ. ದಪ್ಪ ಗೆರೆ, ಮಧ್ಯಮ ಗೆರೆ, ಸಣ್ಣ ಗೆರೆ ಪ್ರತಿಯೊಂದರಲ್ಲೂ ಕಪ್ಪು ಎಷ್ಟು ಕಪ್ಪಾಗಿ, ಬಿಳಿ ಎಷ್ಟು ಬಿಳಿಯಾಗಿ ಉಳಿದಿದೆ ಎಂದು ಕೇಳಿ. ಇಂದು ಕಂಪನಿಗಳು ಪ್ರಕಟಿಸುವ ಎಂಟಿಎಫ್ ಗೆರೆಗಳ ಮೂಲ ಇದೇ. ಕಟ್ಟಕಡೆಯ ಸಣ್ಣ ಗೆರೆಯನ್ನೂ ತೋರಿಸಿ, ಉಳಿದದ್ದನ್ನೆಲ್ಲ ಬೂದಿ ಬಣ್ಣಕ್ಕೆ ತಿರುಗಿಸುವ ಲೆನ್ಸಿಗೆ ಹಳೇ ಪರೀಕ್ಷೆಯಲ್ಲಿ ಹೆಚ್ಚು ಅಂಕ, ಕಣ್ಣಿಗೆ ಮಾತ್ರ ಸಪ್ಪೆ ಚಿತ್ರ.

ಇದೇ ಹಾಪ್ಕಿನ್ಸರ ಬಳಿ ಪಿಎಚ್‌ಡಿ ಮಾಡಲು ಹೋದವರು ಪಂಜಾಬಿನ ಮೋಗಾದವರಾದ ನರಿಂದರ್ ಸಿಂಗ್ ಕಪಾನಿ. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ಇಬ್ಬರೂ ಸೇರಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆಮೇಲೆ 1966ರಲ್ಲಿ ಚಾರ್ಲ್ಸ್ ಕಾವ್ ಅದೇ ಬಗೆಯ ಎಳೆ ದೂರಸಂಪರ್ಕಕ್ಕೆ ಹೇಗೆ ಒದಗಬಹುದೆಂದು ತೋರಿಸಿದರು. ಊರು ಬಿಟ್ಟು ಪುಣೆ, ಹೈದರಾಬಾದುಗಳಲ್ಲಿ ಕೂತು ಸಮುದ್ರದಾಚೆಯ ಗಿರಾಕಿಗೆ ಕೆಲಸ ಮಾಡುವ ನಮ್ಮಂಥವರ ಅನ್ನ ಆ ಎಳೆಯ ಮೇಲೆಯೇ ನಿಂತಿದೆ.

ಆ ಅನ್ನದ ಜಾಗದಲ್ಲೇ ನಾನೊಂದು ತಪ್ಪು ಮಾಡಿದ್ದೆ. ಕೆಲ ವರ್ಷಗಳ ಹಿಂದೆ ನನ್ನ ತಂಡದ ಹುಡುಗನೊಬ್ಬನಿಗೆ ಕಡಿಮೆ ರೇಟಿಂಗ್ ಕೊಟ್ಟೆ. ಅವನು ಮುಗಿಸಿದ ಟಿಕೆಟ್‌ಗಳು ಉಳಿದವರಿಗಿಂತ ಕಡಿಮೆ ಇದ್ದವು, ಅಷ್ಟೇ. ಅವನು ಕೆಲಸ ಬಿಟ್ಟು ಹೋದ ತಿಂಗಳೇ ಗೊತ್ತಾಯಿತು: ಉಳಿದವರು ಸಿಕ್ಕಿಹಾಕಿಕೊಂಡಾಗಲೆಲ್ಲ ಎದ್ದು ಹೋಗುತ್ತಿದ್ದುದು ಅವನ ಮೇಜಿಗೆ. ನಾನು ಕಟ್ಟಕಡೆಯ ಸಣ್ಣ ಗೆರೆಯನ್ನು ಎಣಿಸಿದ್ದೆ, ನಡುವಿನ ಕಪ್ಪು–ಬಿಳುಪನ್ನು ನೋಡಿರಲಿಲ್ಲ. ಫೋನ್ ಮಾಡಿ ಹೇಳಬೇಕೆಂದುಕೊಂಡದ್ದು ಇನ್ನೂ ಹಾಗೇ ಉಳಿದಿದೆ.

ಮತ್ತೆ ಪರದೆ ನೋಡಿದೆ. ಬಲ ಮೂಲೆಯ ಒತ್ತುಗಳು ಮಸುಕು, ನಿಜ. ಆದರೆ ನಡುವಿನ ಅಗಲವಾದ ಜಾಗದಲ್ಲಿ ಶಾಯಿ ಶಾಯಿಯಂತೆ ಕಪ್ಪಾಗಿತ್ತು, ಕಾಗದ ಕಾಗದದಂತಿತ್ತು. ನನ್ನ ಕೆಲಸ ವೇದಿಕೆಯದು. ಅಲ್ಲಿ ಮೂಲೆಯಲ್ಲಿರುವುದು ಕರಿ ಪರದೆ. ಮಸುಕನ್ನು ಅಂಗಡಿಯವರಿಗೆ ತೋರಿಸಿ, ಚೌಕಾಸಿ ಮಾಡಿ, ಬೆಲೆ ಇಳಿಸಿಕೊಂಡು ತಂದೆ.

ಫೆಬ್ರವರಿಯ ಫೋಟೋಗಳಲ್ಲಿ ಒಂದನ್ನು ದೊಡ್ಡದಾಗಿ ಮುದ್ರಿಸಿ ಧಾರವಾಡಕ್ಕೆ ಕಳಿಸಿದೆ. ಬರಲಾಗದೆ ಉಳಿದಿದ್ದ ಅವ್ವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಕಣ್ಣಾಗಿನ ಕಾಡಿಗಿ ಎಷ್ಟ್ ಚಂದ ಬಂದೈತಿ.”